ನಿವೃತ್ತಿಯ ವರ್ಷ ಕೊಂಡ ತಗಡಿನ ದೋಣಿ

ಬಸ್ಸಿನ ಚಾಲಕನಾಗಿ ನಾನು ನಿವೃತ್ತನಾದ ದಿನ ಡಿಪೋದಲ್ಲಿ ಹಾರ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು ಕಳಿಸಿದರು. ಜೇವರ್ಗಿಯ ಮನೆಗೆ ಬಂದು ಹಾರವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸುತ್ತಿದ್ದೆ. ಒಳಗಿನಿಂದ ಹೆಂಡತಿ ಕೇಳಿದಳು.

"ಇನ್ನ ದೋಣಿ ನೋಡಾಕ ಹೋಗೂಣೇನ್ರಿ?"

"ರಿಟೈರ್ ಆಗ್ಲಿ, ಆಮ್ಯಾಲ ನೋಡೂಣು" ಎಂದು ಎಷ್ಟೋ ವರ್ಷಗಳಿಂದ ಅವಳಿಗೆ ಹೇಳುತ್ತ ಬಂದವನು ನಾನೇ. ನಿವೃತ್ತಿ ಕಣ್ಣಿಗೆ ಕಾಣದಷ್ಟು ದೂರವಿದ್ದಾಗ ಹಾಗೆ ಹೇಳುವುದು ಸುಲಭವಾಗಿತ್ತು.

ಅವಳು ಘತ್ತರಗಿಯ ಹತ್ತಿರ ಭೀಮಾ ದಂಡೆಯಲ್ಲಿ ಹುಟ್ಟಿದವಳು. ಅವಳ ಅಪ್ಪ ಮೀನು ಹಿಡಿಯುತ್ತಿದ್ದರು. ಹುಡುಗಿಯಾಗಿದ್ದಾಗ ಅವಳೂ ಅಪ್ಪನ ಜೊತೆ ಹುಟ್ಟು ಹಾಕುತ್ತಿದ್ದಳಂತೆ. ಅಪ್ಪ ಹೋದ ಮೇಲೆ ಬಲೆ, ದೋಣಿ ಎಲ್ಲ ಕೊಟ್ಟುಬಿಟ್ಟರು. ಅವಳ ತಮ್ಮ ಕಬ್ಬು, ತೊಗರಿ ಎಂದು ಹೊಲ ಹಿಡಿದ. ಅವಳು ನನ್ನನ್ನು ಮದುವೆಯಾಗಿ ಹೆದ್ದಾರಿಯ ಪಕ್ಕದ ಮನೆಗೆ ಬಂದಳು. ಸಂತೆಯಿಂದ ಮೀನು ತಂದಾಗಲೆಲ್ಲ ಮೂಗು ಮುರಿಯುತ್ತಿದ್ದಳು. "ಬರ್ಫಿನ್ಯಾಗ ಮಲಗಿ ಬಂದ ಮೀನ ಇದು. ಇದಕ್ಕ ನೀರಿನ ನೆನಪ ಸೈತ ಇಲ್ಲ." ಒಮ್ಮೆ ನಾನು, ಒಳ್ಳೆಯ ಮೀನಿಗಾಗಿ ದೋಣಿ ಯಾಕೆ, ನಿನ್ನ ತಮ್ಮನಿಗೆ ಹೇಳಿದರೆ ತಂದುಕೊಡುತ್ತಾನಲ್ಲ ಎಂದೆ. "ತಿನ್ನಾಕ ಅಲ್ರಿ, ನೀರಿನ ಮ್ಯಾಗ ಕುಂದ್ರಾಕ" ಎಂದಳು.

ನಾನೋ ಆಳಂದದ ಕಡೆಯ ಒಣನೆಲದವನು. ನಮ್ಮೂರಲ್ಲಿ ನೀರೆಂದರೆ ಬಾವಿ, ಇಲ್ಲವೇ ಮಳೆಗಾಲದ ಹಳ್ಳ. ಆ ಹಳ್ಳವೇ ನನ್ನನ್ನು ಹೆದರಿಸಿದ್ದು. ನೌಕರಿಗೆ ಸೇರಿದ ಹೊಸತರಲ್ಲಿ ಒಂದು ಸಂಜೆ ಆಳಂದದಿಂದ ಬರುವಾಗ ಬಸ್ಸು ಹಳ್ಳದ ತಗ್ಗಿನ ಸೇತುವೆಗೆ ಇಳಿಯಿತು. ಇಳಿದಾಗ ನೀರು ಗಾಲಿಯ ಅಂಚನ್ನಷ್ಟೇ ತೋಯಿಸುತ್ತಿತ್ತು. ನಡುವೆ ತಲುಪುವಷ್ಟರಲ್ಲಿ ಮೇಲಿನಿಂದ ಕೆಂಪು ನೀರು ಬಂದೇ ಬಿಟ್ಟಿತು. ಹಿಂದಿನ ಗಾಲಿಗಳು ನೆಲ ಬಿಟ್ಟು ಬಸ್ಸು ಅಡ್ಡಡ್ಡ ಜಾರಿತು. ಸ್ಟೇರಿಂಗು ನನ್ನ ಕೈಯಲ್ಲೇ ಇತ್ತು, ಆದರೆ ಬಸ್ಸು ನನ್ನ ಕೈಯಲ್ಲಿರಲಿಲ್ಲ. ಸೇತುವೆಯ ಅಂಚಿನ ಕಲ್ಲಿಗೆ ಗಾಲಿ ಸಿಕ್ಕು ನಿಂತಿತು. ಜನ ಒಬ್ಬರ ಕೈ ಒಬ್ಬರು ಹಿಡಿದು ದಾಟಿದರು. ಯಾರಿಗೂ ಏನೂ ಆಗಲಿಲ್ಲ. ಡಿಪೋದಲ್ಲಿ ಅದನ್ನು ನಗುನಗುತ್ತ ಹೇಳಿದೆ. ಆದರೆ ಅಂದಿನಿಂದ ಭೀಮಾ ಸೇತುವೆಯ ಮೇಲೆ ಬಸ್ಸು ಓಡಿಸುವಾಗ ರಸ್ತೆ ಬಿಟ್ಟು ಪಕ್ಕಕ್ಕೆ ಕಣ್ಣು ಹಾಯಿಸಿದವನಲ್ಲ. ಹೆಂಡತಿಗೆ ಇದು ಗೊತ್ತಿರಲಿಲ್ಲ. ಹೊಳೆಯ ಮಗಳಿಗೆ ಹೇಗೆ ಹೇಳುವುದು?

ಮಳೆಗಾಲ ಮುಗಿಯುತ್ತ ಬಂದಾಗ ದೋಣಿ ಹುಡುಕಲು ಹೊರಟೆವು. ಮೀನು ಹಿಡಿಯುವ ಪರವಾನಗಿ ಅವಳ ತಮ್ಮ ತನ್ನ ಹೆಸರಲ್ಲಿ ಮಾಡಿಸಿದ್ದ. ದೋಣಿ ಎರಡೂ ಮನೆಗೆ ಸೇರಿ ಎಂದು ಮಾತಾಗಿತ್ತು. ಮೊದಲು ಗಾಣಗಾಪುರದಲ್ಲಿ ಹೊಸ ಫೈಬರಿನ ಹರಗೋಲು ನೋಡಿದೆವು. ದುಂಡಗೆ, ದೊಡ್ಡ ಬುಟ್ಟಿಯಂತೆ ಇತ್ತು. ಮಾರುವವನು ನಮ್ಮನ್ನು ಕೂರಿಸಿಕೊಂಡು ದಂಡೆಯ ಬಳಿಯೇ ಒಂದು ಸುತ್ತು ಹೊಡೆಸಿದ. ಗುಡಿ, ಮೆಟ್ಟಿಲು, ಸ್ನಾನ ಮಾಡುವ ಜನ, ಮತ್ತೆ ಗುಡಿ ಎಂದು ಎಲ್ಲ ನನ್ನ ಸುತ್ತ ತಿರುಗಿದವು. ಇಳಿದ ಮೇಲೂ ನೆಲ ನಿಲ್ಲಲಿಲ್ಲ. ಹೆಂಡತಿ, "ಭಾಳ ಹಗುರ ಅದ, ಗಾಳಿ ಬಿಟ್ರ ಇದರ ಮಾತ ನಡಿಯೂದಿಲ್ಲ" ಎಂದು ಬೇಡವೆಂದಳು. ನಾನು ಮನಸ್ಸಿನಲ್ಲೇ ಆ ಗಾಳಿಗೆ ಕೈ ಮುಗಿದೆ.

ಎರಡನೆಯದು ಅವಳ ತವರಿನ ಹತ್ತಿರ ಕಟ್ಟಿಗೆಯ ಹಳೆಯ ದೋಣಿ. ಹೊಸದಾಗಿ ಡಾಂಬರು ಬಳಿದಿದ್ದರು. ಅವಳು ಬಗ್ಗಿ ಹಲಗೆಯ ಸಂದಿಗೆ ಉಗುರು ಒತ್ತಿದಳು. ಉಗುರು ನೆಂದ ರೊಟ್ಟಿಗೆ ಇಳಿದಂತೆ ಇಳಿಯಿತು. ಅದೂ ತಪ್ಪಿತು. ಹೀಗೆ ಒಂದೊಂದು ತಪ್ಪಿದಾಗಲೂ ನಾನು ಮನೆಗೆ ಬಂದು ಹೊಟ್ಟೆ ತುಂಬ ಉಣ್ಣುತ್ತಿದ್ದೆ.

ಮೂರನೆಯದನ್ನು ಅವಳ ತಮ್ಮ ಹುಡುಕಿದ. ಅಫಜಲಪುರದ ಆಚೆ, ಬ್ಯಾರೇಜಿನ ಹಿನ್ನೀರು ನಿಂತ ಒಂದು ಹಳ್ಳಿಯಲ್ಲಿ ಮುದುಕನೊಬ್ಬ ತಗಡಿನ ದೋಣಿ ಮಾರುತ್ತಿದ್ದ. ಹಳ್ಳಿಯ ಚಹಾದ ಅಂಗಡಿಯಲ್ಲಿ ನಾವು ಚಹಾ ಕುಡಿದು ದಾರಿ ಕೇಳಿದೆವು. ಹೆಂಡತಿ ಮತ್ತು ಅವಳ ತಮ್ಮ ಮುಂದೆ ಹೋದರು. ಲೋಟ ಇಡಲು ಹಿಂದೆ ಉಳಿದ ನನಗೆ ಅಂಗಡಿಯವನು ಮೆಲ್ಲಗೆ ಹೇಳಿದ.

"ಆ ದೋಣಿ ತಗೋತೀರೇನ್ರಿ? ಅದು ಒಬ್ಬನ್ನ ತಗೊಂಡದ."

ಓಡುತ್ತ ಹೋಗಿ ಹೆಂಡತಿಯ ಕಿವಿಯಲ್ಲಿ ಹೇಳಿದೆ. ಅವಳು ಸುತ್ತಿಬಳಸಲಿಲ್ಲ, ದೋಣಿಯ ಪಕ್ಕ ಕೂತಿದ್ದ ಮುದುಕನನ್ನು ನೇರವಾಗಿ ಕೇಳಿದಳು. "ಕಾಕಾ, ಈ ದೋಣ್ಯಾಗ ಯಾರರ ಸತ್ತಾರೇನ್ರಿ?"

ಮುದುಕ ದೋಣಿಯ ಅಂಚಿನ ಮೇಲೆ ಕೈ ಇಟ್ಟ. "ನನ್ನ ತಮ್ಮ, ಯವ್ವಾ. ಬಲಿ ಬಿಡಾಗ ಕಾಲಿಗೆ ಸುತಗೊಂತು. ದೋಣಿ ಮುಳಗಿಲ್ಲ, ಅಂವಾ ಮುಳಗಿದ. ಮುಚ್ಚಿಟ್ಟು ಮಾರೂದಿಲ್ಲ ನಾ. ಬ್ಯಾಡ ಅಂದ್ರ ಬ್ಯಾಡ."

ಅವಳು ದೋಣಿಯ ಒಳಗೆ ಕೈ ಆಡಿಸಿದಳು. ಬೆಸುಗೆಗಳನ್ನು ಬೆರಳಿನಿಂದ ತಡವಿದಳು. ಆಮೇಲೆ ನನ್ನ ಕಡೆ ತಿರುಗಿ, "ಒಮ್ಮಿ ನೀರಿಗೆ ಬಿಟ್ಟು ನೋಡೂಣ್ರಿ" ಎಂದಳು. ಬೇಡ ಎನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿದೆ. ಹುಡುಗಿಯರು ಜೋಕಾಲಿ ಹತ್ತುವ ಮುಂಚೆ ಇರುತ್ತಾರಲ್ಲ, ಹಾಗಿತ್ತು. ಬಾಯಿ ಮುಚ್ಚಿ ಹತ್ತಿದೆ.

ನಾವಿಬ್ಬರೇ ದೋಣಿಯಲ್ಲಿದ್ದೆವು. ಅವಳ ತಮ್ಮನೂ ಮುದುಕನೂ ದಂಡೆಯ ಮೇಲೆ ನಿಂತರು. ಮಧ್ಯಾಹ್ನದ ಬಿಸಿಲು, ನೀರು ಕೆರೆಯಂತೆ ನಿಂತಿತ್ತು. ಅವಳು ಸೆರಗು ಸಿಕ್ಕಿಸಿ ಹುಟ್ಟು ಹಾಕತೊಡಗಿದಳು. ನಾನು ಎರಡೂ ಕೈಯಿಂದ ಹಲಗೆ ಹಿಡಿದು, ಕಾಲ ಬಳಿ ಇದ್ದ ಕತ್ತರಿಸಿದ ಎಣ್ಣೆ ಡಬ್ಬಿಯನ್ನೇ ನೋಡುತ್ತ ಕೂತೆ. ದೂರದಲ್ಲೆಲ್ಲೋ ಉದ್ದನೆಯ ಸದ್ದು ಕೇಳಿತು. ಲಾರಿಯ ಹಾರನ್ನು ಎಂದುಕೊಂಡೆ. ಅದು ಬ್ಯಾರೇಜಿನ ಸೈರನ್ನು. ಮಹಾರಾಷ್ಟ್ರದ ಕಡೆ ಮಳೆಯಾಗಿ ಹೊಳೆಗೆ ನೀರು ಬಂದಿತ್ತು, ಕೆಳಗೆ ಗೇಟು ಎತ್ತುತ್ತಿದ್ದರು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ಮೊದಲು ಗೊತ್ತಾದದ್ದು ದಂಡೆ ಸರಿಯುತ್ತಿರುವುದು. ಅವಳು ಹುಟ್ಟನ್ನು ಒಂದು ಕಡೆ ಹಾಕುತ್ತಿದ್ದಳು, ದೋಣಿ ಇನ್ನೊಂದು ಕಡೆ ಹೋಗುತ್ತಿತ್ತು.

"ಏನಾತು?" ಎಂದೆ.

"ಏನಿಲ್ರಿ. ಜರಾ ಸೆಳವು ಅದ. ನೀವು ಅಲ್ಲಾಡಬ್ಯಾಡ್ರಿ."

ಉದ್ದನೆಯ ಗಳ ತೆಗೆದು ನೀರಿಗೆ ಊರಿದಳು. ಗಳ ಪೂರ್ತಿ ಇಳಿದು ಅವಳ ಕೈ ತೋಯ್ದಿತು, ತಳ ಸಿಗಲಿಲ್ಲ. ಗಳ ಒಳಗೆ ಎಳೆದುಕೊಂಡು ಮತ್ತೆ ಹುಟ್ಟು ಹಿಡಿದಳು. ಆಮೇಲೆ ಅವಳ ಉಸಿರಷ್ಟೇ ಕೇಳುತ್ತಿತ್ತು. ನಾನು ಅಲ್ಲಿಯವರೆಗೆ ಒಂದೇ ಧೈರ್ಯದ ಮೇಲೆ ಕೂತಿದ್ದೆ. ನನಗೆ ನೀರು ಗೊತ್ತಿಲ್ಲದಿದ್ದರೇನು, ಇವಳಿಗೆ ಗೊತ್ತು. ತಲೆ ಎತ್ತಿ ಅವಳನ್ನು ನೋಡಿದೆ. ತುಟಿ ಬಿಳಿಚಿಕೊಂಡಿತ್ತು. ಕಣ್ಣು ನನ್ನನ್ನು ನೋಡುತ್ತಿತ್ತು, ಆದರೆ ನಾನು ಏನಾದರೂ ಹೇಳಲಿ ಎಂಬಂತೆ ನೋಡುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಆ ಮುಖ ನಾನು ಕಂಡಿರಲಿಲ್ಲ. ಅವತ್ತಿನ ಭಯಗಳಲ್ಲೆಲ್ಲ ದೊಡ್ಡದು ಅದೇ.

"ಏನರ ಹಿಡೀರಿ" ಎಂದು ಕೂಗಿದಳು. "ಸಿಕ್ಕಿದ್ದ ಹಿಡೀರಿ!"

ಹಿನ್ನೀರಿನಲ್ಲಿ ಅರ್ಧ ಮುಳುಗಿ ಸತ್ತ ಒಂದು ಜಾಲಿ ಗಿಡ ನಮ್ಮ ಕಡೆಗೇ ಓಡಿ ಬರುತ್ತಿತ್ತು. ಓಡುತ್ತಿದ್ದವರು ನಾವು. ದೋಣಿಯ ಮೂತಿ ಅದಕ್ಕೆ ಬಡಿಯಿತು. ನಾನು ಎರಡೂ ಕೈ ಚಾಚಿ ಕೊಂಬೆ ಹಿಡಿದೆ. ಮುಳ್ಳು ಅಂಗೈಗೆ ಹೋದದ್ದು ಆಗ ತಿಳಿಯಲಿಲ್ಲ. ದೋಣಿಯ ಹಿಂಭಾಗ ಗರ್ರನೆ ತಿರುಗಿ ಸೆಳವಿನ ಕಡೆಗೆ ಹೋಯಿತು. ಪಕ್ಕದಿಂದ ನೀರು ಒಳಗೆ ನುಗ್ಗಿತು. ನನ್ನ ರಟ್ಟೆ ಕಿತ್ತು ಬರುವಂತಾಯಿತು. ಅವಳು ಎಣ್ಣೆ ಡಬ್ಬಿಯಿಂದ ನೀರು ಚೆಲ್ಲತೊಡಗಿದಳು. ನಾನು "ಯವ್ವಾ, ಯವ್ವಾ" ಎಂದು ಸತ್ತುಹೋದ ನನ್ನ ತಾಯಿಯನ್ನು ಕರೆಯುತ್ತಿದ್ದೆನಂತೆ. ನನಗೆ ನೆನಪಿಲ್ಲ.

ಅವಳ ತಮ್ಮ ಮತ್ತು ಮುದುಕ ಯಾರದೋ ಹರಗೋಲಿಗೆ ಉದ್ದ ಹಗ್ಗ ಕಟ್ಟಿ, ದಂಡೆಯ ಮೇಲಿನ ಜನಕ್ಕೆ ಅದರ ತುದಿ ಕೊಟ್ಟು ನಮ್ಮ ಹತ್ತಿರ ಬಂದರು. ಎಷ್ಟು ಹೊತ್ತಾಯಿತೋ. ನಮ್ಮ ದೋಣಿಗೂ ಹಗ್ಗ ಬಿಗಿದರು. ಎಲ್ಲ ಸಿದ್ಧವಾಯಿತು. ನಾನು ಮಾತ್ರ ಕೊಂಬೆ ಬಿಡಲಿಲ್ಲ.

"ಬಿಡ್ರಿ ಮಾಮಾ. ಹಗ್ಗ ಕಟ್ಟೇವಿ, ಬಿಡ್ರಿ" ಎಂದ ಅವಳ ತಮ್ಮ.

ಬಿಡಬೇಕೆಂದು ನನಗೂ ಗೊತ್ತಿತ್ತು, ಬೆರಳುಗಳಿಗೆ ಗೊತ್ತಿರಲಿಲ್ಲ. ಅವನು ಒಂದೊಂದೇ ಬೆರಳು ಬಿಡಿಸಿದ. ಊರಿನವರು ಆಮೇಲೆ ನನ್ನ ಧೈರ್ಯವನ್ನು ಹೊಗಳಿದರು. ಧೈರ್ಯ ಎಲ್ಲಿಯದು? ಬಿಡಲು ಹೆದರಿ ಹಿಡಿದಿದ್ದೆ, ಅಷ್ಟೆ.

ಅಫಜಲಪುರದ ದವಾಖಾನೆಯಲ್ಲಿ ಮುಳ್ಳು ತೆಗೆಸಿಕೊಂಡು, ಎರಡೂ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದೆವು. ಆ ಹಳ್ಳಿಯಿಂದ ಹೊರಡುವ ಮುಂಚೆ ಮುದುಕ ದೋಣಿಯನ್ನು ಕಾಲಿನಿಂದ ಒದ್ದು, "ಇದನ್ನ ಯಾರಿಗೂ ಕೊಡೂದಿಲ್ಲ. ಒಡದು ಗುಜರಿಗೆ ಹಾಕ್ತೇನಿ" ಎಂದಿದ್ದ. ಹೆಂಡತಿಯೂ, "ಸಾಕ್ರಿ, ಇನ್ನ ದೋಣಿ ಬ್ಯಾಡ" ಎಂದಳು. ನನಗೆ ಬೇಕಾಗಿದ್ದ ಮಾತೇ ಅದು.

ಕೈ ಮಾಯುವವರೆಗೆ ಅವಳೇ ನನಗೆ ತುತ್ತು ಮಾಡಿ ಉಣಿಸಿದಳು. ಉಣಿಸುವಾಗ ಅವಳ ಕಣ್ಣು ಎಲ್ಲೋ ಇರುತ್ತಿತ್ತು. ಉಳಿದ ಹೊತ್ತು ಬಾಗಿಲಲ್ಲಿ ಕೂತು ಹೆದ್ದಾರಿಯ ಲಾರಿಗಳನ್ನು ನೋಡುತ್ತಿದ್ದಳು. ಸಂತೆಯ ಮೀನು ತಂದರೆ ಒಂದು ಮಾತೂ ಆಡದೆ ಹೆಚ್ಚಿ ಸಾರು ಮಾಡಿದಳು. ಮೂಗು ಮುರಿಯಲಿಲ್ಲ. ಅದನ್ನು ಕಂಡು ನನಗೆ ಹೊಳೆಯಲ್ಲಿ ಆಗದ ಬೇರೊಂದು ಹೆದರಿಕೆ ಶುರುವಾಯಿತು. ಇವಳೊಳಗೆ ಏನೋ ಆರಿಹೋಗುತ್ತಿದೆಯೇ?

ಒಂದು ಸಂಜೆ ಕೇಳಿಯೇಬಿಟ್ಟೆ. "ಅವತ್ತು ಭಾಳ ಅಂಜಿದಿ ಏನು?"

"ಸಾಯ್ತೇನಿ ಅಂತ ಅಂಜಲಿಲ್ರಿ" ಎಂದಳು. "ಹೊಳಿ ನನ್ನ ಗುರ್ತ ಹಿಡೀಲಿಲ್ಲ. ಅಪ್ಪನ ಸಂಗಟ ಇದ್ದಾಗಿನ ಹೊಳಿ ಅಲ್ಲ ಅದು. ಎಲ್ಲಿ ಹರೀತದ, ಎಲ್ಲಿ ನಿಲ್ತದ, ಒಂದೂ ತಿಳೀಲಿಲ್ಲ. ನಿಮ್ಮನ್ನ ಬ್ಯಾರೆ ಕರಕೊಂಡ ಹೋಗಿದ್ದೆ."

ಆಗ ನಾನು ಆಳಂದದ ಹಳ್ಳದ ಕತೆ ಹೇಳಿದೆ. ಡಿಪೋದಲ್ಲಿ ಹೇಳಿದ ಹಾಗಲ್ಲ, ನಡೆದ ಹಾಗೆ. ಸೇತುವೆಯ ಮೇಲೆ ಪಕ್ಕಕ್ಕೆ ನೋಡದೆ ಬಸ್ಸು ಓಡಿಸಿದ್ದು, ಹರಗೋಲು ಬೇಡ ಎಂದಾಗ ಖುಷಿಪಟ್ಟದ್ದು, ಎಲ್ಲ. ಅವಳು ಬಾಯಿ ತೆರೆದುಕೊಂಡು ಕೇಳಿದಳು.

"ಇಷ್ಟ ಅಂಜಿಕಿ ಇಟಗೊಂಡು ದೋಣಿ ಹತ್ತಿದ್ರೇನ್ರಿ? ಯಾಕ ಹೇಳಲಿಲ್ಲ?"

"ನೀ ನಗತೀ ಅಂತ."

ಅವಳು ನಗಲಿಲ್ಲ. ನನ್ನ ಪಟ್ಟಿ ಕಟ್ಟಿದ ಕೈ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಮರುದಿನ ತಮ್ಮನಿಗೆ ಫೋನು ಮಾಡಿ, ಮುದುಕ ದೋಣಿ ಒಡೆದನೋ ಇಲ್ಲವೋ ಕೇಳು ಎಂದಳು. ಒಡೆದಿರಲಿಲ್ಲ.

ಮುದುಕ ಸುಲಭವಾಗಿ ಒಪ್ಪಲಿಲ್ಲ. ಹೆಂಡತಿ ಅವನ ಅಂಗಳದಲ್ಲಿ ಕೂತು ಹೇಳಿದಳು. "ಕಾಕಾ, ನಮಗ ಧೈರ್ಯ ಇಲ್ಲ, ಅಂಜಿಕಿ ಅದ. ಅಂಜವರು ಹುಷಾರ ಇರ್ತಾರ. ನಮಗ ಕೊಡ್ರಿ." ಅವನು ನನ್ನ ಅಂಗೈ ತಿರುಗಿಸಿ ಕಲೆಗಳನ್ನು ನೋಡಿದ. ಕೊನೆಗೆ ಒಪ್ಪಿದ, ಆದರೆ ಮಾತು ತೆಗೆದುಕೊಂಡ. ತೇಲುವ ಜಾಕೀಟು ಹಾಕದೆ ಹತ್ತಬಾರದು. ಬ್ಯಾರೇಜಿನ ಗೇಟಿನವರಿಗೆ ಫೋನು ಮಾಡಿ ಕೇಳದೆ ದೋಣಿ ಬಿಡಬಾರದು. ಬಲೆ ಬಿಡುವಾಗ ಕಾಲ ಬಳಿ ಏನೂ ಇರಬಾರದು. ಈ ಕೊನೆಯದನ್ನು ಅವನು ಎರಡು ಸಲ ಹೇಳಿದ.

ಚಳಿಗಾಲದಲ್ಲಿ ನೀರು ನಿಂತ ಮೇಲೆ ಹೋಗತೊಡಗಿದೆವು. ಮೊದಲ ದಿನ ಅವಳು, "ನೀವು ದಂಡಿ ಮ್ಯಾಗ ಕುಂದರ್ರಿ, ನಾನೂ ತಮ್ಮನೂ ಹೋಗಿ ಬರ್ತೇವಿ" ಎಂದಳು. ಕೂತೆ. ದೋಣಿ ಸಣ್ಣದಾಗುತ್ತ ಹೋಯಿತು. ಒಂದು ಕೊಕ್ಕರೆ ಹಾರಿದರೂ ಎದ್ದು ನಿಲ್ಲುತ್ತಿದ್ದೆ. ಅವಳು ತಿರುಗಿ ಬರುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ತೊಯ್ದಿತ್ತು. ಮರುವಾರ ನಾನೇ ಜಾಕೀಟು ಹಾಕಿಕೊಂಡು ಮೊದಲು ಹತ್ತಿ ಕೂತೆ. ಅವಳ ಜೊತೆ ಕೂತು ಹೆದರುವುದು ಒಬ್ಬನೇ ಕೂತು ಹೆದರುವುದಕ್ಕಿಂತ ಮೇಲು.

ಹೆದರಿಕೆ ಹೋಗಿಲ್ಲ. ಹೊಳೆಗೆ ಹೋಗುವ ಹಿಂದಿನ ದಿನವೇ ಊಟ ಸೇರುವುದಿಲ್ಲ. ಗೇಟಿನವರಿಗೆ ಎರಡೆರಡು ಸಲ ಫೋನು ಮಾಡಿ ಬೈಸಿಕೊಳ್ಳುತ್ತೇನೆ. ಅವಳೂ ಈಗ ದಂಡೆಯಿಂದ ಬಹಳ ದೂರ ಹೋಗುವುದಿಲ್ಲ. ಗಳ ಊರಿ ತಳ ಮುಟ್ಟಿದಲ್ಲಷ್ಟೇ ಬಲೆ ಬಿಡುತ್ತಾಳೆ. ಸಿಗುವುದು ನಾಲ್ಕಾರು ಸಣ್ಣ ಮೀನು. ಬಲೆ ಎತ್ತುವಾಗ ದೋಣಿ ಅವಳ ಕಡೆಗೆ ವಾಲುತ್ತದೆ. ಆಗ ನಾನು ಎದುರು ಬದಿಗೆ ಸರಿದು ಭಾರ ಹಾಕಬೇಕು, ದೋಣಿಯಲ್ಲಿ ನನಗಿರುವ ಕೆಲಸ ಅದೊಂದೇ.

"ಇನ್ನಾ ಜರಾ ಸರೀರಿ" ಎನ್ನುತ್ತಾಳೆ.

ಹಲಗೆ ಬಿಡದೆ, ನೀರಿನ ಕಡೆಗೆ ಇನ್ನೊಂದಿಷ್ಟು ಸರಿಯುತ್ತೇನೆ.