ಐದು ಸಾವಿರ ಆರಕ್ಕಿಳಿದ ಪಾಠ

ಗೆಳೆಯರೇ, ಇವತ್ತು ಸಿರುಗುಪ್ಪದ ನಮ್ಮ ಕಾಲೇಜಿನಲ್ಲಿ ನನ್ನ ಮೊಬೈಲ್ ಜಪ್ತಿಯಾಗುವುದರಲ್ಲಿತ್ತು. ಅದರಲ್ಲಿನ, ಚುಕ್ಕೆಗಳ ನಕ್ಷೆ ಬಿಡಿಸುವ ಗ್ರಾಫಿಂಗ್ ಕ್ಯಾಲ್ಕುಲೇಟರಿನಿಂದ ಮಕ್ಕಳಿಗೆ ಸಂಖ್ಯೆಗಳ ಶ್ರೇಢಿ ತೋರಿಸುತ್ತಿದ್ದೆ. ಪ್ರಾಂಶುಪಾಲರು ಒಳಬಂದು, "ಮೇಡಂ, ಪಾಠದಾಗ ಮೊಬೈಲ್ ಯಾಕ್ರಿ? ಕೊಡ್ರಿ ಇಲ್ಲೆ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ದೇಶನೂರಿನ ಶಾಂತಾ ಎದ್ದು ನಿಂತಳು. "ಸರ್, ಯಾವ್ದರ ಒಂದು ನಂಬರ್ ಹೇಳ್ರಿ. ಅರ್ಧ ಮಾಡಿ ಮೂರು ಕೂಡಿಸ್ತೀವಿ. ಬಂದದ್ದಕ್ಕ ಮತ್ತ ಹಂಗ ಮಾಡ್ಕೊಂತ ಹೋದ್ರ ಕೊನಿಗೆ ಆರರ ಹತ್ರನ ಬರ್ತೈತಿ. ನಂದು ಗ್ಯಾರಂಟಿ."

"ಐದು ಸಾವಿರ!" ಎಂದರು ಪ್ರಾಂಶುಪಾಲರು, ಸೋಲಿಸಿಯೇ ಬಿಡುವವರಂತೆ.

ಶಾಂತಾ ನನ್ನ ಮೊಬೈಲ್ ತೆಗೆದುಕೊಂಡು ಅದನ್ನು ಒತ್ತಿದಳು. ಪರದೆಯ ಮೇಲೆ ಚುಕ್ಕೆಗಳು ಸರಸರ ಇಳಿದು ಆರರ ಪಕ್ಕ ಸಾಲುಗಟ್ಟಿದವು.

"ಮೈನಸ್ ನೂರು ಹಾಕವ್ವ, ನೋಡೂಣು."

ಈ ಸಲ ಚುಕ್ಕೆಗಳು ಕೆಳಗಿನಿಂದ ಹತ್ತಿ ಬಂದು ಅಲ್ಲಿಯೇ ನಿಂತವು. ಶಾಂತಾ ನಗಲೂ ಇಲ್ಲ.

ಗಂಟೆ ಹೊಡೆಯಿತು. "ತಡೀರಿ ಮೇಡಂ, ಇನ್ನೊಂದು ನಂಬರ್ ಐತಿ" ಎಂದರು ಪ್ರಾಂಶುಪಾಲರು. ಮುಂದಿನ ತರಗತಿಗೆ ಹತ್ತು ನಿಮಿಷ ತಡವಾಗಿ ಹೋದೆ. ಯಾಕೆ ತಡವೆಂದು ಕೇಳಬೇಕಾದವರೇ ಅಷ್ಟು ಹೊತ್ತೂ ಶಾಂತಾಳ ತರಗತಿಯ ಮೊದಲ ಬೆಂಚಿನಲ್ಲಿ ಕೂತು ನಂಬರ್ ಹೇಳುತ್ತಿದ್ದರಲ್ಲ!