ಸದ್ದಾದಾಗ ಯಾರ ಮುಖ ನೋಡುತ್ತಾರೆ

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಾಗ ಅವರ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಒಳಗಿನ ನೀರಿನ ಸದ್ದು ಕೇಳಿ, ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, ಆಮೇಲೂ ನಂಬದೆ ಇನ್ನೊಂದು ಕಾಯಿಗೆ ಕೈ ಹಾಕುವರು. ಹಿರಿಯೂರಿನಲ್ಲಿ ನನ್ನ ಕಾಯಿ ಮಂಡಿಯ ಹಿಂದಿನ ಬೀದಿಯಲ್ಲೇ ಅವರ ಮನೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಊರಿಗೆಲ್ಲ ಟೀಚರಮ್ಮ, ನನಗೂ.

ನಾನು ಅರ್ಧಕ್ಕೇ ಶಾಲೆ ಬಿಟ್ಟವನು. ಲಾರಿಗೆ ಕಾಯಿ ತುಂಬುತ್ತಾ ತುಂಬುತ್ತಾ ಸ್ವಂತ ಮಂಡಿ ಮಾಡಿಕೊಂಡೆ. ಹೊರಗಿನ ಖರೀದಿದಾರರು ಫೋನಿನಲ್ಲಿ ಇಂಗ್ಲಿಷ್ ಬೆರೆಸಿದರೆ ಮಾತ್ರ ಬೆವರುತ್ತಿದ್ದೆ. ಹೀಗಾಗಿ ಸಂಜೆ ಅವರ ಜಗುಲಿಯಲ್ಲಿ ಕುಳಿತು ಕಲಿಯಲು ಶುರುಮಾಡಿದೆ. ಅವರು ಎಬಿಸಿಡಿ ಹಿಡಿಯಲಿಲ್ಲ.

"ವ್ಯಾಪಾರಕ್ಕೆ ನಿಂಗೆ ಎರಡು ಜಾತಿ ಪದ ಸಾಕಪ್ಪ," ಎಂದರು. ಟೆನ್ಷನ್, ಪ್ಯಾನಿಕ್, ಡಿಸ್ಟರ್ಬ್, ಅಪ್‌ಸೆಟ್ ಇವು ಕಲಕುವ ಪದಗಳು. ಕಾಮ್, ಕೂಲ್, ಪೀಸ್, ರಿಲ್ಯಾಕ್ಸ್ ಇವು ತಣಿಸುವ ಪದಗಳು. "ಇದ್ರಾಗೆ ಯಾವುದಕ್ಕೆ ಹೆದರ್ಬೇಕು ಹೇಳು?"

"ಪ್ಯಾನಿಕ್‌ಗೆ."

"ದಡ್ಡ ನೀನು. ಪ್ಯಾನಿಕ್ ಅಂತ ಮನುಷ್ಯ ತನ್ ಬಗ್ಗೆ ಹೇಳ್ಕಂತಾನೆ. ರಿಲ್ಯಾಕ್ಸ್ ಅಂತ ಇನ್ನೊಬ್ರಿಗೆ ಹೇಳ್ತಾನೆ. ಹಂಗನ್ನೋನು ಆಗ್ಲೇ ಆರಾಮಾಗಿ ಕುಂತಿರ್ತಾನೆ."

ಅವರು ಬೆಳೆದದ್ದು ಮಾರಿಕಣಿವೆಯಲ್ಲಿ, ಅಣೆಕಟ್ಟೆಯ ಪಕ್ಕದ ನೀರಾವರಿ ನೌಕರರ ವಠಾರದಲ್ಲಿ. ತೂಬಿನ ಹತ್ತಿರ ನೀರು ಅಲೆಯಿಲ್ಲದೆ ಮಲಗಿರುತ್ತದೆ, ಇಳಿದವರನ್ನು ಒಳಕ್ಕೆ ಎಳೆಯುವುದೂ ಅಲ್ಲೇ ಎಂದು ಚಿಕ್ಕಂದಿನಲ್ಲೇ ಕಲಿತವರು. ವ್ಯಾಪಾರಕ್ಕಿಳಿಯುವವರು ಇದನ್ನೊಂದು ನೆನಪಿಟ್ಟುಕೊಳ್ಳಿ. ಕೂಗಾಡುವ ಗಿರಾಕಿಯ ಜೊತೆ ಹೇಗೋ ಬಗೆಹರಿಯುತ್ತದೆ, ನಗುನಗುತ್ತಾ ಸಮಾಧಾನ ಹೇಳುವವನ ಮೇಲೆ ಒಂದು ಕಣ್ಣಿರಲಿ.

ಮಂಡಿಯಲ್ಲಿ ಇಷ್ಟು ಹುಷಾರಾಗಿದ್ದ ನಾನು ಮನೆಯಲ್ಲಿ ಮೈಮರೆತೆ. ಮಗಳನ್ನು ನೋಡಲು ಚಿತ್ರದುರ್ಗದಿಂದ ಹುಡುಗ, ಅವನ ತಾಯಿ, ತಂಗಿ, ಸೋದರಮಾವ ಬಂದರು. ಹುಡುಗನಿಗೆ ಒಳ್ಳೆಯ ಕೆಲಸ, ನೋಡಲೂ ಲಕ್ಷಣವಾಗಿದ್ದ. "ನಮ್ ಹುಡ್ಗ ಭಾಳ ಕಾಮ್. ಜೋರಾಗಿ ಒಂದು ಮಾತಾಡಿದ್ದು ನಾವು ಕಂಡಿಲ್ಲ," ಎಂದು ಅವನ ಸೋದರಮಾವ ಹೊಗಳಿದ. ನನಗೆ ಬಾಯಿ ಸಿಹಿಯಾಯಿತು. ಅವತ್ತೇ ಎಲೆ ಅಡಿಕೆ ಬದಲಾಯಿಸಿಬಿಡುವ ಮನಸ್ಸು. ನಮ್ಮಲ್ಲಿ ಆ ತಟ್ಟೆ ಕೈ ಬದಲಾದರೆ ಮಾತು ಕೊಟ್ಟಂತೆಯೇ, ಹಿಂದೆ ಸರಿದರೆ ಹೆಣ್ಣಿನ ಹೆಸರು ಕೆಡುತ್ತದೆ.

ಟೀಚರಮ್ಮ ಅಡುಗೆಮನೆಯಲ್ಲಿ ಕಾಫಿಗೆ ನೆರವಾಗುತ್ತಿದ್ದರು. ನಾನು ನಡುಮನೆಯಲ್ಲಿ ತಟ್ಟೆಗೆ ಎಲೆ ಜೋಡಿಸುತ್ತಿದ್ದಂತೆ ಒಳಗೆ ಸ್ಟೀಲ್ ಪರಾತ ದಬಾರೆಂದು ಬಿತ್ತು. ನಾನು ಬಾಗಿಲ ಕಡೆ ತಿರುಗಿದೆ. ಟೀಚರಮ್ಮ ಬಾಗಿಲಲ್ಲೇ ನಿಂತಿದ್ದರು, ಪರಾತದ ಕಡೆ ನೋಡುತ್ತಲೇ ಇರಲಿಲ್ಲ. "ಸಾವ್ಕಾರ, ಇಲ್ಲಿ ಬಾರಪ್ಪ ಒಸಿ," ಎಂದು ಕರೆದರು.

"ಏನ್ ಟೀಚರಮ್ಮ, ಕೈ ಜಾರ್ತಾ?"

"ಜಾರ್ಲಿಲ್ಲ, ಬೀಳ್ಸಿದೆ. ನೀನು ಸದ್ದಾದ ಕಡೆ ನೋಡ್ದೆ. ಹುಡುಗನ ಅಮ್ಮ, ತಂಗಿ ಇಬ್ರೂ ಬೆಚ್ಚಿ ಅವ್ನ ಮುಖ ನೋಡಿದ್ರು."

"ಅಷ್ಟಕ್ಕೇ ಸಂಬಂಧ ಬಿಡಾಕಾಗುತ್ತಾ? ನಿಮ್ದು ಬರೀ ಅನುಮಾನ."

"ನಮ್ ಯಜಮಾನ್ರೂ ಜೋರಾಗಿ ಮಾತಾಡ್ದೋರಲ್ಲ. ಅವ್ರು ಇರೋಗಂಟ ನಾನೂ ಹಂಗೇ ಮುಖ ನೋಡ್ದೋಳು," ಎಂದರು. ಅವರ ಗಂಡ ಬೀದಿಗೆಲ್ಲ ದೇವರಂಥ ಮನುಷ್ಯ.

ಒಲೆಯ ಹತ್ತಿರ ನಿಂತಿದ್ದ ಮಗಳು ಮೆಲ್ಲಗೆ, "ನಂಗೂ ಕಾಣ್ತಪ್ಪ," ಎಂದಳು.

ಹೊರಗೆ ಬಂದು, ಎಲೆ ಅಡಿಕೆ ಇವತ್ತು ಬೇಡ, ಯೋಚನೆ ಮಾಡಿ ತಿಳಿಸುತ್ತೇವೆ ಎಂದೆ. ಸೋದರಮಾವ ನನ್ನ ಭುಜ ತಟ್ಟಿದ. "ಯಾಕ್ರಿ ಟೆನ್ಷನ್ ತಗಂತೀರಾ? ರಿಲ್ಯಾಕ್ಸ್." ಹುಡುಗ ಮುಗುಳ್ನಕ್ಕ. ಅವನ ತಾಯಿ ಬೆವರು ಒರೆಸಿಕೊಂಡರು. ನಾನು ತಟ್ಟೆಯನ್ನು ಒಳಗೆ ಇಟ್ಟುಬಂದೆ.

ಆ ಹುಡುಗ ಒಳ್ಳೆಯವನೇ ಆಗಿದ್ದಿರಬಹುದು. ವಿಚಾರಿಸಲು ಹೋಗಲಿಲ್ಲ.

ಮಗಳು ಈಗ ಹೊಳಲ್ಕೆರೆಯಲ್ಲಿದ್ದಾಳೆ. ಗಂಡ ಅವಳೇ ಮೆಚ್ಚಿದವನು, ಬಾಯಿ ಜೋರು. ಹೋದ ವರ್ಷ ಟೀಚರಮ್ಮ ತೀರಿಕೊಂಡಾಗ ಇಬ್ಬರೂ ಬಂದರು. ಕಾರು ಎಲ್ಲಿ ನಿಲ್ಲಿಸಬೇಕೆಂದು ಬೀದಿಯಲ್ಲೇ ಜಗಳ ಶುರುವಾಯಿತು.

"ಮುಂದಕ್ಕೆ ಹೋಗ್ರಿ ಅಂದ್ರೆ ಕೇಳಲ್ಲ ನೀವು," ಎಂದು ಮಗಳು ಗದರಿದಳು.

"ಹಂಗಾರೆ ನೀನೇ ಓಡ್ಸು ತಗಾ," ಎಂದು ಅವನು ಕೀಲಿ ಕೊಟ್ಟು ಕೆಳಗಿಳಿದ.

"ಸಾವಿನ ಮನೆ, ಮೆಲ್ಲಗೆ ಮಾತಾಡಕ್ಕೆ ಹೇಳ್ರಿ ಆ ಹುಡುಗಿಗೆ," ಎಂದು ಹಿರಿಯರೊಬ್ಬರು ನನಗೆ ಹೇಳಿದರು. ಅವಳ ದನಿ ನಡುಮನೆಯಲ್ಲಿ ಮಲಗಿಸಿದ್ದ ಟೀಚರಮ್ಮನವರೆಗೂ ಹೋಗುತ್ತಿತ್ತು. ಹೋಗಲಿ, ಅವರಿಗೂ ಕೇಳಲಿ ಎಂದುಕೊಂಡೆ.