ಗಡಿಕಲ್ಲಿನ ಪಕ್ಕ ನಿಂತದ್ದು

ನಾನು ನಿಜಾಮ ಸರಕಾರದಲ್ಲಿ ಹೊಲ ಅಳೆಯುವ ನೌಕರ. ನನಗೆ ದಮ್ಮಿನ ರೋಗ, ಅಂದರೆ ಸ್ವಲ್ಪ ನಡೆದರೂ ಉಸಿರು ಕಟ್ಟುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬೀದರಿನಲ್ಲಿ ನನ್ನನ್ನು ನೋಡಿದ ಡಾಕ್ಟರರು, "ಇದು ವಾಸಿಯಾಗುವ ಔಷಧ ನನ್ನಲ್ಲಿಲ್ಲ, ತಿರುಗಾಟದ ನೌಕರಿ ಬಿಡಿ" ಎಂದಿದ್ದರು. ನಾನು ಬಿಡಲಿಲ್ಲ. ನಲವತ್ತು ಹೆಜ್ಜೆ ನಡೆಯುವುದು, ನಿಲ್ಲುವುದು, ಮತ್ತೆ ನಡೆಯುವುದು ಎಂದು ನಾನೇ ಗೊತ್ತುಮಾಡಿಕೊಂಡೆ. ರೋಗದ ಸುದ್ದಿ ಮೇಲಧಿಕಾರಿಗಳಿಗೆ ಮುಟ್ಟಿದರೆ ನೌಕರಿ ಹೋಗುತ್ತಿತ್ತು. ಆದ್ದರಿಂದ ನಿಂತಾಗಲೆಲ್ಲ ನೆಲ ಪರೀಕ್ಷಿಸುವಂತೆ ನಟಿಸುತ್ತಿದ್ದೆ.

ಭಾಲ್ಕಿ ಕಡೆಯ ಮೆಹಕರದಲ್ಲಿ ಶರಣಪ್ಪ ಎಂಬ ರೈತರ ಹೊಲ ಅಳೆಯುವಾಗ ಗಡಿಕಲ್ಲಿನ ಪಕ್ಕದಲ್ಲೇ ಉಸಿರು ಕಟ್ಟಿತು. ಕಲ್ಲನ್ನೇ ನೋಡುತ್ತ ನಿಂತೆ.

"ಯಾಕ್ರಿ ಸಾಹೇಬ್ರ, ನಿಂತೇ ಬಿಟ್ರಿ?" ಎಂದರು ಶರಣಪ್ಪ. "ಆ ಕಲ್ಲು ನಮ್ಮಪ್ಪನ ಕಾಲದ್ದು ಅದರಿ."

ನಾನು ಮೊಣಕಾಲಿಗೆ ಕೈಯೂರಿ ಕಲ್ಲಿನ ಕಡೆ ಬಗ್ಗಿದೆ.

"ಹ್ವಾದ ವರ್ಷದ ಮಳಿಗಿ ಒಂದೀಟು ಸರದಿರಬೇಕ್ರಿ."

ನಾನು ಇನ್ನಷ್ಟು ಬಗ್ಗಿದೆ.

"ಸಾಕ್ರಿ, ಹಂಗ ನೋಡಬ್ಯಾಡ್ರಿ! ನಾನೇ ಸರಿಸೀನಿ. ಎರಡೇ ಮಾರು!"

ನಾನೇನೂ ಕಂಡುಹಿಡಿದಿಲ್ಲ, ಉಸಿರಿಗಾಗಿ ನಿಂತೆ ಎಂದು ಹೇಳಬೇಕೆಂದೇ ಇದ್ದೆ. ಆದರೆ ಅಷ್ಟು ಮಾತಿಗೆ ಬೇಕಾದ ಉಸಿರು ಮರಳುವ ಹೊತ್ತಿಗೆ ಅವರು ಹಾರೆ ತಂದು, ಕಲ್ಲು ಕಿತ್ತು, ಹಳೆಯ ಜಾಗದಲ್ಲಿ ನೆಟ್ಟಾಗಿತ್ತು.